ಬಾರದೇ ಹೋದ ನೋಟು

ನಾನು ಒಮಾನಿನ ಸೀಬ್‌ನಲ್ಲಿ ಹಣ ಬದಲಿಸಿಕೊಡುವ ಒಂದು ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಾಗ ಪಕ್ಕದ ಕೌಂಟರಿನಲ್ಲಿ ಮಂಗಳೂರಿನ ಕೊಂಕಣಿ ಕ್ರೈಸ್ತರೊಬ್ಬರು ಕೂರುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ನಾನು ಅಣ್ಣ ಎನ್ನುತ್ತಿದ್ದೆ. ದುಬೈ, ಸೌದಿ, ಕತಾರ್‌ನಿಂದ ಬಂದವರ ನೋಟು ತೆಗೆದುಕೊಂಡು ಒಮಾನಿ ರಿಯಾಲ್ ಕೊಡುವುದು ಅವರ ಕೆಲಸ. ಅವರ ಹೆಂಡತಿ ಬಾಯಮ್ಮ ಕಳಿಸುತ್ತಿದ್ದ ಬುತ್ತಿಯಲ್ಲಿ ನನ್ನದೂ ಒಂದು ಪಾಲು ಇರುತ್ತಿತ್ತು.

ಗಲ್ಫಿನ ದೇಶಗಳಿಗೆಲ್ಲ ಒಂದೇ ಕರೆನ್ಸಿ ಬರಲಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ ಅದು. ನಮಗದು ಚಹಾದ ಹೊತ್ತಿನ ಹರಟೆ. ಅಣ್ಣನಿಗೆ ಮಾತ್ರ ಹೆದರಿಕೆ.

“ಎಲ್ಲರಿಗೂ ಒಂದೇ ನೋಟಾದ್ರೆ ನನ್ನ ಹತ್ರ ಎಂತಕ್ಕೆ ಬರ್ತಾರೆ ಮಾರಾಯ?” ಎನ್ನುತ್ತಿದ್ದರು. “ಕೆಲಸ ಹೋಗುವ ಮೊದಲು ನಾನೇ ಹೋಗುವುದು ಒಳ್ಳೇದು.”

ಮ್ಯಾನೇಜರು ಎಷ್ಟು ಹೇಳಿದರೂ ಕೇಳಲಿಲ್ಲ. ದೂರದ ದಕ್ಷಿಣ ಒಮಾನಿನ ಸಲಾಲಾದಲ್ಲಿ ಬಾಯಮ್ಮನ ತಮ್ಮನಿದ್ದ. ಅವನಿಗೆ ವೀಸಾ ಕೊಟ್ಟಿದ್ದ ಒಮಾನಿ ಕಫೀಲ್ ಅಂಗಡಿಯ ಲೈಸೆನ್ಸ್ ಮಾಡಿಸಿಕೊಡಲು ಒಪ್ಪಿದ್ದೇ ತಡ, ಇಬ್ಬರೂ ಮನೆ ಖಾಲಿ ಮಾಡಿ ಅಲ್ಲಿಗೆ ಹೋಗಿ, ಚಹಾ, ಬನ್ಸ್‌ನ ಸಣ್ಣ ಅಂಗಡಿ ತೆರೆದರು.

ಅಂಗಡಿ ಇನ್ನೂ ಕುದುರಿರಲಿಲ್ಲ. ಅಷ್ಟರಲ್ಲಿ ಒಮಾನ್ ಆ ಯೋಜನೆಯಿಂದಲೇ ಹಿಂದೆ ಸರಿಯಿತು. ನಮ್ಮ ರಿಯಾಲ್ ನಮಗೇ ಉಳಿಯಿತು. ಆಫೀಸಿನಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ.

“ಹೌದಾ? ಸರಿಯಾಗಿ ಓದಿದ್ದೀಯಾ?” ಎಂದರು.

“ಮ್ಯಾನೇಜರು ವಾಪಸ್ ಬರ್ಲಿಕ್ಕೆ ಹೇಳಿದ್ದಾರೆ ಅಣ್ಣ. ನಿಮ್ಮ ಸೀಟು ಖಾಲಿ ಉಂಟು.”

“ನೋಡುವಾ,” ಎಂದು ಫೋನ್ ಇಟ್ಟರು. ಬರಲಿಲ್ಲ.

ಹೋದ ಮಳೆಗಾಲದಲ್ಲಿ ಸಂಸಾರ ಸಮೇತ ಸಲಾಲಾಕ್ಕೆ ಹೋಗಿದ್ದೆ. ಜಿಟಿಜಿಟಿ ಮಳೆಯಲ್ಲೂ ಅಂಗಡಿಯ ಮುಂದೆ ಕಾರುಗಳ ಸಾಲು; ಅಲ್ಲಿ ಹಾರ್ನ್ ಹೊಡೆದರೆ ಚಹಾ ಕಾರಿಗೇ ಬರುತ್ತದೆ. ಅಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ತಬ್ಬಿಕೊಂಡು ಒಳಗೆ ಕೂರಿಸಿದರು.

“ನೀನು ಫೋನ್ ಮಾಡಿದ ದಿನ ಮೈದಾ ಗೋಣಿಯ ಮೇಲೆ ಕೂತು ಅತ್ತಿದ್ದೆ ಮಾರಾಯ,” ಎಂದರು. “ಪೆಟ್ಟಿಗೆಯನ್ನೂ ಕಟ್ಟಿದ್ದೆ. ಇವಳು ಬಿಡ್ಲಿಲ್ಲ.”

ಬಾಣಲೆಯ ಮುಂದಿದ್ದ ಬಾಯಮ್ಮ ತಿರುಗಿದರು. “ಮದುವೆಯಾದಾಗಿಂದ ಒಂದು ಅಂಗಡಿ ಹಾಕುವಾ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಇವರಿಗೆ ಧೈರ್ಯ ಬಂದದ್ದೇ ಆ ಹೆದರಿಕೆಯಿಂದ. ಹೆದರಿಕೆ ಹೋಯ್ತು ಅಂತ ಅಂಗಡಿ ಮುಚ್ಚುವುದಾ? ನೀವು ಬೇಕಾದ್ರೆ ಹೋಗಿ, ನಾನು ಬರುವುದಿಲ್ಲ ಅಂದೆ.”

ಅಣ್ಣ ತಲೆ ತಗ್ಗಿಸಿ ನಕ್ಕರು. ಅಷ್ಟರಲ್ಲಿ ಹೊರಗಿನ ಕಾರೊಂದು ಹಾರ್ನ್ ಹೊಡೆಯಿತು. ಮಾತು ಅಲ್ಲಿಗೇ ಬಿಟ್ಟು, ಚಹಾದ ಟ್ರೇ ಹಿಡಿದು ಮಳೆಗೆ ಇಳಿದರು.