ಕರಡಿಗೆಯ ಗುರುತು

ನಮ್ಮ ಭಾವ ದೇವೀರಪ್ಪನವರು ಪಾಳ್ಯದ ಸುತ್ತಮುತ್ತ ಮದುವೆ ಅಡುಗೆಗೆ ಹೆಸರಾದವರು. ಜಮೀನಿದೆ, ಭತ್ತ ರಾಗಿ ಬೆಳೆಯುತ್ತಾರೆ, ಆದರೆ ಮನಸ್ಸೆಲ್ಲ ಕೊಪ್ಪರಿಗೆಯ ಮೇಲೆ. ಬಾಯಿ ಜೋರು. ಸಾರಿಗೆ ಹುಳಿ ಜಾಸ್ತಿಯಾಯಿತು ಅಂದವನನ್ನು ಬೀಗರ ಎದುರಿಗೇ ನಿಲ್ಲಿಸಿ, ಎಲ್ಲಿ ನಾಲಿಗೆ ತೋರಿಸು ಎಂದು ಮರ್ಯಾದೆ ಕಳೆದವರು. ನಮ್ಮಕ್ಕ ಜಗದಾಂಬನನ್ನು ಅವರಿಗೆ ಕೊಟ್ಟಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅವತ್ತಿನಿಂದ ಅವರು ನನ್ನನ್ನು ಬೈಯದ ಹಬ್ಬವಿಲ್ಲ. ನನಗೆ ಅವರಷ್ಟು ಬೇಕಾದವರೂ ಇನ್ನೊಬ್ಬರಿಲ್ಲ.

ಒಲೆಯ ಮುಂದೆ ನಿಂತರೆ ಭಾವ ಅಂಗಿ ಹಾಕುವುದಿಲ್ಲ. ಹಾಗಾಗಿ ಅವರ ಎದೆಯ ಮೇಲಿನ ಕಪ್ಪು ಗುರುತನ್ನು ಊರೆಲ್ಲ ನೋಡಿದೆ. ಇಷ್ಟಲಿಂಗವಿಟ್ಟ ಬೆಳ್ಳಿ ಕರಡಿಗೆ ಶಿವದಾರದಲ್ಲಿ ಅಲ್ಲೇ ತೂಗುತ್ತದೆ, ಕೊಪ್ಪರಿಗೆಗೆ ಬಗ್ಗಿದಾಗಲೆಲ್ಲ ಅಲ್ಲೇ ಉಜ್ಜುತ್ತದೆ, ಬೆಂಕಿಯ ಕಾವಿಗೆ ಬಿಸಿಯೇರುತ್ತದೆ. ಆದರೂ ಲಿಂಗ ಮೈಬಿಟ್ಟು ಇರುವಂತಿಲ್ಲ. ನಮ್ಮ ಮನೆತನದ ಹಿರಿಯರಲ್ಲಿ ಕೆಲವರಿಗೆ ಅಲ್ಲೊಂದು ಕಲೆ ಇದ್ದದ್ದನ್ನು ನಾನೇ ಕಂಡಿದ್ದೇನೆ. ಅದನ್ನು ಯಾರೂ ಕಾಯಿಲೆ ಅಂದವರಲ್ಲ.

ಎರಡು ವರ್ಷದ ಹಿಂದೆ ಪಾಳ್ಯದ ಸಮುದಾಯ ಭವನದಲ್ಲಿ ಯಾವುದೋ ಸಂಸ್ಥೆಯವರು ಒಂದು ಶಿಬಿರ ಇಟ್ಟರು. ಬಾಗಿಲಿಗೆ ‘ಕೃತಕ ಬುದ್ಧಿಮತ್ತೆಯಿಂದ ಉಚಿತ ಚರ್ಮ ತಪಾಸಣೆ’ ಎಂಬ ಬ್ಯಾನರು. ಒಳಗೆ ಸ್ನೇಹಾ ಎಂಬ ಹುಡುಗಿ ಫೋನಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದಳು. ಮಚ್ಚೆಯ ಫೋಟೋ ತೆಗೆದರೆ ಫೋನು ಹಸಿರು ಇಲ್ಲವೆ ಕೆಂಪು ತೋರಿಸುತ್ತದೆ. ಕೆಂಪಾದರೆ ಕ್ಯಾನ್ಸರಿನ ಅನುಮಾನ, ಆಗ ಹಾಸನದಲ್ಲಿರುವ ಚರ್ಮದ ಡಾಕ್ಟರು ವಿಡಿಯೋದಲ್ಲಿ ನೋಡಿ ಕೊನೆಯ ಮಾತು ಹೇಳುತ್ತಾರೆ. ಯಂತ್ರಕ್ಕೆ ತಪ್ಪಿದ್ದು ಮನುಷ್ಯನಿಗೆ ಕಾಣುತ್ತದೆ, ಮನುಷ್ಯನಿಗೆ ತಪ್ಪಿದ್ದು ಯಂತ್ರಕ್ಕೆ ಕಾಣುತ್ತದೆ, ಇಬ್ಬರೂ ಸೇರಿದರೆ ಮೋಸವಿಲ್ಲ ಎಂದು ಆ ಹುಡುಗಿ ಚೆನ್ನಾಗಿಯೇ ವಿವರಿಸಿದಳು. ಭಾವ ಹೋಗಿದ್ದು ಕಾಲಿನ ತುರಿಕೆಗೆ ಮುಲಾಮು ಸಿಕ್ಕೀತೆಂದು. ಅಕ್ಕ ಬಲವಂತ ಮಾಡಿ ಎದೆಯನ್ನೂ ತೋರಿಸಿದಳು. ಫೋನು ಕೆಂಪಾಯಿತು.

ವಿಡಿಯೋದಲ್ಲಿ ಬಂದವರು ಡಾಕ್ಟರ್ ಮಹಾದೇವಯ್ಯ. ಕುಂದೂರಿನ ಕಡೆಯವರು, ಹೆಚ್ಚುಕಮ್ಮಿ ನಮ್ಮವರೇ. ಶಿವದಾರ ಕಂಡದ್ದೇ ಅವರ ಮುಖ ಅರಳಿತು. ಕರಡಿಗೆಯನ್ನು ಒಂದಿಷ್ಟು ಸರಿಸಲು ಹೇಳಿ, ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ಬುದ್ಧಿ ಬಂದಾಗಿನಿಂದ ಇದೆ ಎಂದರು ಭಾವ. ಈಚೆಗೆ ಅಗಲವಾಗಿದೆ ಎಂದು ಅಕ್ಕ ಬಾಯಿ ಹಾಕಿದಳು. ಸುಮ್ಮನಿರೇ ಎಂದು ಭಾವ ಗದರಿದರು.

“ಇದು ಕರಡಿಗೆ ಗುರುತು ಕಣಮ್ಮ,” ಎಂದರು ಡಾಕ್ಟರು ಸ್ನೇಹಾಗೆ. “ನಮ್ಮಜ್ಜಂಗೂ ಇತ್ತು. ನಿಮ್ಮ ಫೋನು ಲಿಂಗ ಕಟ್ಟಿದೋರ ಎದೆ ಎಲ್ಲಿ ನೋಡಿರ್ತದೆ? ಏನೂ ಇಲ್ಲ ಅಂತ ಹಾಕು.”

ಭವನಕ್ಕೆ ಭವನವೇ ನಕ್ಕಿತು. ನಾನೂ ನಕ್ಕೆ. ಎಲ್ಲಿಂದಲೋ ಬಂದ ಯಂತ್ರಕ್ಕೆ ತಿಳಿಯದ್ದು ನಮ್ಮ ಕಡೆಯ ಡಾಕ್ಟರಿಗೆ ತಿಳಿಯಿತಲ್ಲ ಎಂದು ಒಳಗೊಳಗೇ ಹೆಮ್ಮೆ.

ಆಮೇಲೆ ಭಾವನಿಗೆ ಎಲ್ಲ ಮದುವೆಯಲ್ಲೂ ಇದೇ ಕಥೆ. ಲಿಂಗವನ್ನು ಕ್ಯಾನ್ಸರ್ ಅಂದಿತಲ್ಲ ಆ ಫೋನು ಎಂದು ಸೌಟು ಹಿಡಿದುಕೊಂಡೇ ಹೇಳುತ್ತಿದ್ದರು, ಹೋಳಿಗೆ ತಟ್ಟುವ ಹೆಂಗಸರು ಕೆಲಸ ಬಿಟ್ಟು ನಗುತ್ತಿದ್ದರು.

ಈ ವರ್ಷ ಯುಗಾದಿಗೆ ಎಣ್ಣೆ ಹಚ್ಚುವಾಗ ಅಕ್ಕನ ಕೈಗೆ ಅವರ ಕಂಕುಳಲ್ಲಿ ಗೋಲಿಯಷ್ಟು ಗಂಟು ಸಿಕ್ಕಿತು. ಹಂಡೆ ಎತ್ತಿ ನರ ಗಂಟು ಕಟ್ಟಿದೆ, ಮದುವೆಗಳು ಮುಗಿಯಲಿ ಎಂದರು ಭಾವ. ಮುಗಿಯುವಷ್ಟರಲ್ಲಿ ಕೆಮ್ಮು ಹತ್ತಿತ್ತು. ಬಾಳ್ಳುಪೇಟೆಯಲ್ಲಿ ಬಸ್ಸು ಹತ್ತಿಸಿ ನಾನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ಗುರುತಿನ ಚೂರು ತೆಗೆದು ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿದರು. ಚರ್ಮದ ಕ್ಯಾನ್ಸರ್, ಶ್ವಾಸಕೋಶಕ್ಕೆ ಹೋಗಿದೆ, ತಡ ಮಾಡದೆ ಔಷಧಿ ಶುರು ಮಾಡಬೇಕು ಎಂದರು.

ನಾನು ಯಾರ ಮೇಲೆ ಸಿಟ್ಟು ಮಾಡಲಿ? ಫೋನಿಗೆ ಕರಡಿಗೆ ಗೊತ್ತಿರಲಿಲ್ಲ, ಅದಕ್ಕೇ ಅದು ಮಚ್ಚೆಯನ್ನು ಮಚ್ಚೆಯಾಗಿ ನೋಡಿತು. ಡಾಕ್ಟರಿಗೆ ಕರಡಿಗೆ ಗೊತ್ತಿತ್ತು, ಅದಕ್ಕೇ ಮಚ್ಚೆ ಕಾಣಲಿಲ್ಲ. ಯಾವುದಕ್ಕೂ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಮೈ ಉರಿಯುತ್ತದೆ ನನಗೆ, ನೆನೆಸಿಕೊಂಡರೆ.

ಭಾವನದು ಬೇರೆಯೇ ಹಟ. ಅವರು ಆ ವರದಿಯನ್ನೇ ನಂಬಲಿಲ್ಲ.

“ಬೆಂಗ್ಳೂರಲ್ಲೂ ಎಲ್ಲಾ ಮಿಷಿನ್ನೇ ಹೇಳಾದು,” ಎಂದರು. “ಮನುಷ್ಯ ಅಂತ ನೋಡಿ ಹೇಳ್ದೋರು ಮಹಾದೇವಯ್ಯನೋರು ಒಬ್ರೇ ಕಣೋ.”

ಹಾಗೆಂದು ಊರಿಗೆ ಬಂದವರೇ ಕುಂದೂರಿನ ಲೋಹಿತನ ತಂಗಿಯ ಮದುವೆಗೆ ಅಡುಗೆ ಒಪ್ಪಿಕೊಂಡುಬಿಟ್ಟರು. ಅಕ್ಕ ಅತ್ತಳು, ಊಟ ಬಿಟ್ಟಳು. ಭಾವ ಒಂದಕ್ಕೂ ಬಗ್ಗಲಿಲ್ಲ. ಉಳಿದ ದಾರಿ ಒಂದೇ ಎಂದುಕೊಂಡು ನಾನು ವರದಿ ಹಿಡಿದು ಹಾಸನಕ್ಕೆ ಹೋದೆ. ಡಾಕ್ಟರಿಗೆ ನಾಲ್ಕು ಮಾತು ಅನ್ನಬೇಕೆಂದೇ ಹೋದವನು, ಅವರು ವರದಿಯನ್ನು ಎರಡೆರಡು ಸಲ ಓದುವುದನ್ನು ನೋಡಿ, ಭಾವ ನಿಮ್ಮ ಮಾತು ಬಿಟ್ಟು ಬೇರೆ ನಂಬುತ್ತಿಲ್ಲ ಎಂದಷ್ಟೇ ಹೇಳಿದೆ. ಅವರು ತಪ್ಪನ್ನು ಸಮರ್ಥಿಸಿಕೊಳ್ಳಲಿಲ್ಲ. ಕ್ಲಿನಿಕ್ಕು ಮುಚ್ಚಿ ನನ್ನ ಜೊತೆ ಹೊರಟರು.

ಭಾವ ಅವರನ್ನು ಕಂಡು ಹಿಗ್ಗಿದರು. ಅಂಗಿ ಬಿಚ್ಚಿ, ಕರಡಿಗೆ ಸರಿಸಿ, ಈಗ ನೀವೇ ಕಣ್ಣಾರೆ ನೋಡಿ ಹೇಳಿಬಿಡಿ ಎಂದು ಕೂತರು. ಡಾಕ್ಟರು ಬಗ್ಗಿ ನೋಡಿದರು, ಕಂಕುಳು ಮುಟ್ಟಿ ನೋಡಿದರು.

“ಅವತ್ತು ನಾನು ತಪ್ಪು ಹೇಳ್ದೆ ಯಜಮಾನ್ರೇ. ಫೋನು ಸರಿಯಾಗೇ ಹೇಳಿತ್ತು.”

ಭಾವ ಕರಡಿಗೆಯನ್ನು ಮತ್ತೆ ಎದೆಯ ಮೇಲಕ್ಕೆ ಸರಿಸಿಕೊಂಡರು. ಈಗ ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಎಂದು ಆಸೆಪಟ್ಟೆ.

“ಬೆಂಗ್ಳೂರಿಗೆ ಹೋದ್ರೆ ವಾಸಿ ಆಯ್ತದಾ?”

“ಇಲ್ಲ. ಒಂದಷ್ಟು ತಿಂಗಳು ಜಾಸ್ತಿ ಸಿಗ್ಬೌದು. ಆದ್ರೂ ಹೋಗಿ.”

“ನೀವು ಹೇಳಿದ್ಮೇಲೆ ಆಯ್ತು ಬುಡಿ,” ಎಂದರು ಭಾವ.

ಅಷ್ಟೇ. ಅಷ್ಟು ದಿನ ಅಕ್ಕ ಅತ್ತು ಹೇಳಿದ್ದು, ನಾನು ಕೂಗಾಡಿ ಹೇಳಿದ್ದು, ಯಂತ್ರಗಳೆಲ್ಲ ಬರೆದುಕೊಟ್ಟದ್ದು ತಟ್ಟದ ಮನುಷ್ಯ ಡಾಕ್ಟರ ‘ಇಲ್ಲ’ ಎಂಬ ಒಂದು ಮಾತಿಗೆ ಎಲ್ಲವನ್ನೂ ನಂಬಿದರು. ಅವರ ಭುಜ ಇಳಿದುಹೋದದ್ದನ್ನು ನಾನು ನೋಡಿದೆ. ಡಾಕ್ಟರನ್ನು ಕರೆತಂದು ಔಷಧಿಗೆ ಒಪ್ಪಿಸಬೇಕೆಂದಿದ್ದೆ, ಅವರಿಗಿದ್ದ ಧೈರ್ಯವನ್ನೂ ತೆಗೆದುಬಿಟ್ಟೆ.

ಡಾಕ್ಟರು ಹೋದಮೇಲೆ ಭಾವ ನನ್ನ ಫೋನು ಈಸಿಕೊಂಡು ಲೋಹಿತನಿಗೆ ಮಾಡಿದರು. ಬೇರೆ ಅಡುಗೆಯವರನ್ನು ನೋಡಿಕೊಳ್ಳಲು ಹೇಳಿದರು. ಮುಹೂರ್ತ ಇನ್ನೂ ಗಟ್ಟಿಯಾಗಿಲ್ಲ, ನಿಮಗೆ ಅನುಕೂಲವಾದ ದಿನವೇ ಇಡುತ್ತೇವೆ ಎಂದು ಆ ಹುಡುಗ ಅಂಗಲಾಚುತ್ತಿದ್ದುದು ನನಗೂ ಕೇಳಿಸಿತು.

“ಯಾವ ದಿನ ಇಟ್ರೂ ನಾನಿರಕ್ಕಿಲ್ಲ ಕಣಪ್ಪ,” ಎಂದರು ಭಾವ.