ನಾನೂ ತೃಪ್ತಳಾಗಿದ್ದೆ

ಚಹಾದ ಜೊತೆ ಪೇಪರು ಓದುವ ಚಟ ನನಗೆ ಅಪ್ಪನಿಂದ ಬಂದದ್ದು. ಇಂದು ಒಳಪುಟದ ಮೂಲೆಯಲ್ಲೊಂದು ಸುದ್ದಿ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಕೇಳಿದ ವೈದ್ಯಕೀಯ ವಿದ್ಯಾರ್ಥಿಗಳು ತೃಪ್ತರಾಗಿದ್ದರಂತೆ. ಆದ್ದರಿಂದ ಅಂಥ ಪಾಠಗಳನ್ನು ಇನ್ನೂ ಹೆಚ್ಚಿಸಬಹುದಂತೆ. ಚಹಾ ಆರುವವರೆಗೂ ಆ ನಾಲ್ಕು ಸಾಲನ್ನೇ ಓದಿದೆ. ಸಿಟ್ಟು ನೆತ್ತಿಗೇರಿತು. ಆ ತೃಪ್ತರಲ್ಲಿ ನಾನೂ ಒಬ್ಬಳು, ನೋಡಿ.

ಆಗ ನಾನು ಎಂಬಿಬಿಎಸ್ ಎರಡನೇ ವರ್ಷ. ಕಾಲೇಜು ಮುಚ್ಚಿ ನಮ್ಮನ್ನು ಊರಿಗೆ ಅಟ್ಟಿದ್ದರು. ನವಲಗುಂದದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ಬಾಜು ಮಾತ್ರ. ಕ್ಯಾಮೆರಾ ಮುಂದೆ ಬಿಳಿ ಕೋಟು ಕಡ್ಡಾಯ. ಸೊಂಟದ ಮೇಲೆ ಡಾಕ್ಟರು, ಕೆಳಗೆ ಹಳೇ ನೈಟಿ, ಕೈಯಲ್ಲಿ ಬಿಸಿಲಿಗೊಂದು ಛತ್ರಿ. ಹೊಟ್ಟೆ ಪರೀಕ್ಷಿಸುವ ಪಾಠವೂ ಅಲ್ಲೇ ಆಯಿತು. ಸರ್ ಪ್ಲಾಸ್ಟಿಕ್ ಬೊಂಬೆಯ ಹೊಟ್ಟೆಯ ಮೇಲೆ ಕೈಯಿಟ್ಟರು; ಚಿತ್ರ ನಿಂತುಬಿಟ್ಟಿತು. ಮತ್ತೆ ಓಡುವಷ್ಟರಲ್ಲಿ ಕೈ ತೆಗೆದು, ತಿಳಿಯಿತಲ್ಲ ಎಂದು ಕೇಳುತ್ತಿದ್ದರು. ಎಲ್ಲರೂ ಹೆಬ್ಬೆರಳು ಎತ್ತಿದೆವು.

ಬಾಜು ಮನೆಯ ಖತೂನ್ ಚಾಚಿ ಜಮಖಾನೆ ನೇಯುತ್ತಿದ್ದಳು. ನನಗೆ ಸೀಟು ಸಿಕ್ಕ ದಿನದಿಂದ ಅವಳ ಬಾಯಲ್ಲಿ ನಾನು ಡಾಕ್ಟ್ರವ್ವ. ಬೇಡವೆಂದು ನಾನೂ ಹೇಳಲಿಲ್ಲ, ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಮಗ್ಗ ಬಿಟ್ಟು ಬಂದು ನಮ್ಮ ಪಡಸಾಲೆಯಲ್ಲಿ ಮಲಗಿದಳು. ಮುಂಜಾನೆಯಿಂದ ಹೊಕ್ಕಳ ಸುತ್ತ ಇದ್ದ ನೋವು ಈಗ ಬಲಕ್ಕೆ ಸರಿದಿತ್ತು. ದವಾಖಾನೆಗೆ ಹೋದರೆ ಕೊರೊನಾ ಅಂತ ಹಿಡಿದು ಕೂಡಿಹಾಕುತ್ತಾರೆಂಬ ಹೆದರಿಕೆ ಬೇರೆ.

“ಒಂದೀಟು ಕೈ ಹಚ್ಚಿ ನೋಡವಾ, ಡಾಕ್ಟ್ರವ್ವ.”

ಪರೀಕ್ಷೆಯಲ್ಲಿ ಕೇಳಿದ್ದರೆ ಆ ನೋವಿನ ಹೆಸರನ್ನು ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಆದರೆ ಜೀವಂತ ಹೊಟ್ಟೆಯ ಮೇಲೆ ಕೈಯಿಟ್ಟದ್ದು ಅದೇ ಮೊದಲು. ಎಷ್ಟು ಒತ್ತಬೇಕು, ಬೆರಳಿಗೆ ಏನು ತಾಗಬೇಕು, ಒಂದೂ ತಿಳಿಯಲಿಲ್ಲ. ಸುಮ್ಮನೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಓಡಿಸಿ ನಗೆಪಾಟಲಾದರೆ? ಅವ್ವ ಹೆಮ್ಮೆಯಿಂದ ನನ್ನ ಮುಖ ನೋಡುತ್ತಿದ್ದಳು. ಗ್ಯಾಸ್ ಇರಬೇಕು ಅಂದೆ. ಅಜವಾನದ ನೀರು ಕುಡಿಯಲು ಹೇಳಿದೆ.

ಮರುದಿನ ಮುಂಜಾನೆ ಚಾಚಿಯನ್ನು ಟಂಟಂ ಆಟೊದಲ್ಲಿ ಮಲಗಿಸಿಕೊಂಡು ತಾಲ್ಲೂಕು ದವಾಖಾನೆಗೆ ಓಡಿದೆವು. ವಯಸ್ಸಾದ ಸಿಸ್ಟರ್ ಒಬ್ಬರು ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟರು. ಇಟ್ಟ ಕೈ ತೆಗೆಯುವ ಮೊದಲೇ ಹೇಳಿದರು:

“ಹೊಟ್ಟಿ ಹಲಗಿಯಂಗ ಗಟ್ಟಿ ಆಗೇತಿ. ಹುಬ್ಬಳ್ಳಿಗೆ ಒಯ್ರಿ, ತಡಾ ಮಾಡಬ್ಯಾಡ್ರಿ. ನಿನ್ನೆ ಯಾರಿಗೂ ತೋರಿಸಲಿಲ್ಲೇನು?”

ಚಾಚಿ ನನ್ನತ್ತ ನೋಡಿದಳು. “ಇಲ್ರಿ,” ಅಂದಳು.

ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಗಿ ಬದುಕಿಕೊಂಡಳು; ಆರು ತಿಂಗಳು ಮಗ್ಗಕ್ಕೆ ಕೂರಲಾಗಲಿಲ್ಲ.

ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಕಾಲೇಜಿನಿಂದ ಫಾರ್ಮ್ ಬಂತು: ಆನ್‌ಲೈನ್ ಪಾಠ ನಿಮಗೆ ತೃಪ್ತಿ ತಂದಿದೆಯೇ? ಹೆಸರು, ರಿಜಿಸ್ಟರ್ ನಂಬರ್ ಕಡ್ಡಾಯ. ತುಂಬದಿದ್ದರೆ ಹಾಜರಿ ಇಲ್ಲ. ನೀವೇ ಹೇಳಿ, ಅಂಕ ಹಾಕುವವರ ಕೈಗೇ ಹೆಸರು ಬರೆದುಕೊಟ್ಟು ಯಾವ ವಿದ್ಯಾರ್ಥಿ ‘ತೃಪ್ತಿಯಿಲ್ಲ’ ಎಂದಾನು? ಚಾಚಿಯ ಹೊಟ್ಟೆಯ ಬಗ್ಗೆ ಬರೆಯಲು ಅಲ್ಲಿ ಜಾಗವಿರಲಿಲ್ಲ. ಇದ್ದಿದ್ದರೂ ಬರೆಯುತ್ತಿದ್ದೆನೇ, ಅನುಮಾನ. ‘ಪೂರ್ಣ ತೃಪ್ತಿ’ ಒತ್ತಿದೆ. ದುಮ್ಮವಾಡದ ನನ್ನ ಗೆಳತಿಗೆ ನೆಟ್ ಸಿಗದೆ ಫಾರ್ಮೇ ತೆರೆಯಲಿಲ್ಲ. ಅವಳ ಅತೃಪ್ತಿ ಯಾರ ಕಣ್ಣಿಗೂ ಬೀಳಲಿಲ್ಲ. ಇಂಥ ತೃಪ್ತಿಯನ್ನು ಇಂದು ಅಚ್ಚು ಹಾಕಿಸಿ ನಮಗೇ ಓದಿಸುತ್ತಿದ್ದಾರೆ!

ಈಗ ನಾನು ಅದೇ ತಾಲ್ಲೂಕು ದವಾಖಾನೆಯ ಡಾಕ್ಟರು. ಇಂದು ಕೆಲಸಕ್ಕೆ ಹೋಗುವ ಮೊದಲು ಚಾಚಿಯ ಮನೆಗೆ ಹೋಗಿ, ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿದೆ. ಅವತ್ತು ನನಗೆ ಏನೂ ತಿಳಿದಿರಲಿಲ್ಲ, ಗ್ಯಾಸ್ ಎಂದದ್ದು ಬರೀ ಊಹೆ ಎಂದೆ. ನೂಲು ಬಿಡಿಸುತ್ತಿದ್ದ ಅವಳ ಕೈ ನಿಂತಿತು.

“ಗೊತ್ತಾಗವಲ್ದು ಅಂತ ನೀ ಅಂದಿದ್ರ, ನಾ ಆವಾಗ್ಲೇ ದವಾಖಾನಿಗೆ ಹೋಗ್ತಿದ್ನಲ್ಲವಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹನ್ನೊಂದರ ಹೊತ್ತಿಗೆ ಅಣ್ಣಿಗೇರಿ ಕಡೆಯ ಅಜ್ಜನೊಬ್ಬ ಬಂದ. ಅವನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದೆ. ಏನೋ ಸದ್ದು; ಯಾವುದೆಂದು ಹೊಳೆಯಲಿಲ್ಲ.

“ನನಗ ಗೊತ್ತಾಗವಲ್ದ್ರಿ, ಅಜ್ಜಾರ. ಹುಬ್ಬಳ್ಳಿಗೆ ಬರದು ಕೊಡ್ತೇನಿ,” ಎಂದೆ.

“ಆತು ಬಿಡ್ರಿ, ಹೋಗಿ ಬರ್ತೇನಿ,” ಎಂದು ಅಜ್ಜ ಅಂಗಿಯ ಗುಂಡಿ ಹಾಕಿಕೊಂಡ.