ನೀರು ಕುದಿಸಿ ಕುಡಿಯಿರಿ

ವಿಜಯವಾಡದ ಆ ಮನೆಯವರು ಊಟಕ್ಕೆ ಒತ್ತಾಯ ಮಾಡಿದರೋ, ನಾವೇ ಊಟಕ್ಕೆ ಕಾದು ಕೂತಿದ್ದೆವೋ, ನನಗೀಗ ಖಚಿತವಿಲ್ಲ. ಒತ್ತಾಯವಿತ್ತು ಎನ್ನುತ್ತಾನೆ ನನ್ನ ರೂಮ್‌ಮೇಟ್. ಅವನು ಉಡುಪಿ ಕಡೆಯವನು, ವಿಶಾಖಪಟ್ಟಣದ ಗಾಜುವಾಕದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಚರ್ಚಿನ ಯುವಕರ ತಂಡದ ನಾಯಕ. ನೆರೆ ಪರಿಹಾರಕ್ಕೆಂದು ಆ ತಂಡದೊಂದಿಗೆ ಹೋದ ಸೇವಾ ಪ್ರವಾಸದ ನೆನಪು ಅವನ ಬಾಯಲ್ಲಿ ಪ್ರತಿ ಸಲವೂ ಕಂಠಪಾಠದಂತೆ ಒಂದೇ ಥರ ಬರುತ್ತದೆ. ನನ್ನಲ್ಲಿ ಪ್ರತಿ ಸಲವೂ ಸ್ವಲ್ಪ ಬದಲಾಗುತ್ತದೆ. ಸಾರು ಮೊಟ್ಟೆಯದೋ ಸಿಗಡಿಯದೋ ಎಂಬುದರಲ್ಲೂ ನಮಗೆ ಒಮ್ಮತವಿಲ್ಲ.

ನಾನು ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ದುಡಿಯುವವನು, ರಸಾಯನಶಾಸ್ತ್ರ ಓದಿದವನು. ದೇವರ ವಿಷಯದಲ್ಲಿ ಫಲಿತಾಂಶ ಇನ್ನೂ ಬಂದಿಲ್ಲ ಎನ್ನುವ ಪಂಗಡದವನು. ಆದರೂ ಹೊರಟೆ.

"ರಜೆಯಲ್ಲಿ ರೂಮಲ್ಲಿ ಬಿದ್ಕೊಂಡು ಎಂತ ಮಾಡ್ತಿ ಮಾರಾಯ? ಮೂಟೆ ಹೊರಲಿಕ್ಕೆ ನಂಬಿಕೆ ಬೇಡ, ಬೆನ್ನು ಸಾಕು," ಎಂದಿದ್ದ ಅವನು.

ವಿಶಾಖಪಟ್ಟಣದಿಂದ ರೈಲು ಹತ್ತಿದ ನಮ್ಮೆಲ್ಲರ ಮೈಮೇಲೆ ಒಂದೇ ಬಣ್ಣದ ಟೀ ಶರ್ಟ್. ನೆರೆ ಸಂತ್ರಸ್ತರು ಯಾರು, ಸೇವಕರು ಯಾರು ಎಂದು ಫೋಟೊದಲ್ಲಿ ಗೊಂದಲವಾಗಬಾರದಲ್ಲ! ಅಕ್ಕಿ ಮೂಟೆಗಳು, ಬೆಡ್‌ಶೀಟುಗಳು, ಒಂದು ಗಿಟಾರು, ಒಂದು ಬ್ಯಾನರು.

ಬುಡಮೇರು ಕಾಲುವೆಯ ನೀರು ಆಗಷ್ಟೇ ಇಳಿದಿತ್ತು. ನಮಗೆ ವಹಿಸಿದ ಮನೆಯಲ್ಲಿ ಆಟೋ ಓಡಿಸುವವನ ಹೆಂಡತಿ ಮತ್ತು ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಇದ್ದರು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಅದರ ಮೇಲೆ ಕೂಸನ್ನು ಮಲಗಿಸಿದ್ದರು. ಕೂಸಿಗೆ ಡಬ್ಬಿಯ ಹಾಲು, ಅದಕ್ಕೆ ಕುದಿಸಿದ ನೀರು ಬೇಕು. ನೀರು ನುಗ್ಗಿದಾಗ ಅಟ್ಟಕ್ಕೇರಿಸಿ ಉಳಿಸಿಕೊಂಡಿದ್ದ ಸಿಲಿಂಡರ್ ಒಂದೇ ಇದೆ, ಗ್ಯಾಸಿನ ಗಾಡಿ ಇನ್ನೂ ಬೀದಿಗೆ ಬಂದಿಲ್ಲ ಎಂದು ಆ ಹೆಂಗಸೇ ನಮಗೆಲ್ಲ ಹೇಳಿದ್ದರು. ನಾವೆಲ್ಲ ಕನಿಕರದಿಂದ ತಲೆಯಾಡಿಸಿದ್ದೆವು.

ಕೆಸರು ಬಳಿದು ಹೊರಹಾಕಿದೆವು, ಸುಳ್ಳು ಹೇಳಬಾರದು. ಕೈಗಳು ಸಾಕಷ್ಟು ಕೆಸರಾದಾಗ ಫೋಟೊ ತೆಗೆದರು. ಆಮೇಲೆ ಬೀದಿಯಲ್ಲಿ ಆರೋಗ್ಯದ ನಾಟಕ. ನೀರು ಕುದಿಸಿ ಕುಡಿಯಿರಿ ಎಂಬುದು ಸಂದೇಶ. ರೂಮ್‌ಮೇಟ್ ವೈದ್ಯ, ಕಪ್ಪು ಬಟ್ಟೆ ಹೊದ್ದ ಇನ್ನೊಬ್ಬ ಕಾಲರಾ ಕ್ರಿಮಿ. ಮಕ್ಕಳು ಕೊನೆಯವರೆಗೂ ಕ್ರಿಮಿಯ ಪಕ್ಷದಲ್ಲಿದ್ದರು.

ಅಷ್ಟರಲ್ಲಿ ಒಳಗೆ ದೊಡ್ಡ ಪಾತ್ರೆ ಒಲೆಗೇರಿತ್ತು. ಮನೆಗೆ ಬಂದವರನ್ನು ಉಣಿಸದೆ ಕಳಿಸುವುದು ಆ ಕಡೆ ದೊಡ್ಡ ಅವಮಾನ. "ತಿನಕುಂಡಾ ಎಲಾ ವೆಳ್ತಾರು ಬಾಬು?" ಉಣ್ಣದೆ ಹೇಗೆ ಹೋಗ್ತೀರಿ ಎಂದು ಆಕೆ ನಮ್ಮನ್ನು ಸಾಲಾಗಿ ಕೂರಿಸಿದರು. ನಾವು ತಂದ ಅಕ್ಕಿಯೇ ಅನ್ನವಾಗಿ ನಮ್ಮ ತಟ್ಟೆಗೆ ಬಂತು.

"ಅಮ್ಮಾ, ಗ್ಯಾಸು..." ಎಂದಳು ಮಗಳು.

"ನುವ್ವು ಊರುಕೋ," ಎಂದು ತಾಯಿ ಅವಳ ಬಾಯಿ ಮುಚ್ಚಿಸಿದರು.

ನಾನು ಪಕ್ಕದಲ್ಲಿದ್ದ ರೂಮ್‌ಮೇಟ್ ಕಡೆ ಬಾಗಿದೆ. "ಆ ಕೂಸಿನ ನೀರಿನ ಗ್ಯಾಸ್‌ನ್ಯಾಗ ನಮಗ ಅನ್ನಾ ಮಾಡ್ಯಾರಲ್ಲೋ. ಎದ್ದು ಹೋಗೂಣು."

"ಹಾಗೆ ಎದ್ದರೆ ಅವರಿಗೆ ಬೇಜಾರಾಗ್ತದೆ. ಪ್ರೀತಿಯಿಂದ ಕೊಟ್ಟದ್ದನ್ನು ತಕ್ಕೊಳ್ಳುದೂ ಒಂದು ಸೇವೆ, ಗೊತ್ತುಂಟಾ?"

"ಹಂಗಾರ ನೀ ಭಾರೀ ಸೇವಕ ಬಿಡಪಾ. ಎರಡನೇ ಸಲ ಹಾಕಿಸ್ಕೊಳ್ಳಾಕತ್ತಿ."

ಅವನು ನಕ್ಕು ಸಾರು ಕೇಳಿದ. ಅನ್ನ ಮುಗಿದಿತ್ತು. ಇನ್ನೊಂದು ಪಾತ್ರೆ ಬೇಯುವತನಕ ಹಾಡು ಹಾಡಿದೆವು.

ಮರಳುವ ರೈಲಿನಲ್ಲಿ ಚರ್ಚಿನ ರೂಢಿಯಂತೆ ಒಬ್ಬೊಬ್ಬರಾಗಿ ತಮ್ಮ ಅನುಭವದ ಸಾಕ್ಷಿ ನುಡಿದರು. ಬಡವರ ಔದಾರ್ಯ ಕಂಡು ಒಬ್ಬ ಹುಡುಗಿ ಅತ್ತಳು. ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು ಎಂದು ಎಲ್ಲರೂ ಒಪ್ಪಿದರು. ತೂಕ ಹಾಕಿ ನೋಡಿದರೂ ಅದು ನಿಜವೇ ಇದ್ದೀತು.

ಗ್ಯಾಸ್ ಬೇಕಾದಷ್ಟಿತ್ತು, ನಿನಗೆ ಎಲ್ಲದರಲ್ಲೂ ಅನುಮಾನ ಎಂದು ರೂಮ್‌ಮೇಟ್ ಇವತ್ತಿಗೂ ವಾದಿಸುತ್ತಾನೆ. ಅವನಷ್ಟು ದೃಢವಾಗಿ ಹೇಳುವವರ ಮುಂದೆ ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಹೋಗುತ್ತದೆ. ಕೆಲವು ತಿಂಗಳ ಮೇಲೆ ಕಂಪನಿ ಕೆಲಸಕ್ಕೆ ವಿಜಯವಾಡಕ್ಕೆ ಹೋದವನು ಆ ಬೀದಿ ಹುಡುಕಿಕೊಂಡು ಹೋದೆ. ಕೂಸು ಗೋಡೆ ಹಿಡಿದು ನಡೆಯುತ್ತಿತ್ತು. ಗ್ಯಾಸಿನ ಮಾತೆತ್ತಿದರೆ ಕೂಸಿನ ಅಜ್ಜಿ ನಕ್ಕು ತಳ್ಳಿಹಾಕಿದರು. ಉತ್ತರ ಕೊಟ್ಟವಳು ಮಗಳು, ಪಕ್ಕದ ಮಹಡಿ ಮನೆಯಾಕೆಯೂ ಅದನ್ನೇ ಹೇಳಿದರು: ನಮ್ಮ ಎರಡನೇ ಪಾತ್ರೆ ಒಲೆಯ ಮೇಲಿದ್ದಾಗಲೇ ಸಿಲಿಂಡರ್ ಖಾಲಿಯಾಯಿತು. ಗಾಡಿ ಬರುವತನಕ ಕೂಸಿನ ನೀರು ಕುದಿದದ್ದು ಮಹಡಿಯ ಒಲೆಯಲ್ಲಿ.